ನಿಷ್ಠೆ ಯಾರಿಗೆ, ಪ್ರಾಮಾಣಿಕತೆ ಯಾವುದಕ್ಕೆ?

ನಿವೃತ್ತರಾಗುವ ನೌಕರರಿಗೆ ಅರ್ಪಿಸುವ ಮಾನಪತ್ರಗಳಲ್ಲಿ, ಅಗಲಿದವರನ್ನು ಕುರಿತ ನುಡಿನಮನಗಳಲ್ಲಿ, ಚುನಾವಣೆಯ ಕರಪತ್ರಗಳಲ್ಲಿ ‘ನಿಷ್ಠಾವಂತ’ ಮತ್ತು ‘ಪ್ರಾಮಾಣಿಕ’ ಎಂಬ ವಿಶೇಷಣಗಳು ಬಹುತೇಕ ಜೋಡಿಯಾಗಿಯೇ ಬರುತ್ತವೆ. ಬಳಕೆಯ ಬಲದಿಂದ ಇವೆರಡೂ ಒಂದೇ ಗುಣದ ಎರಡು ಹೆಸರುಗಳೆಂಬ ಭಾವನೆ ಬೇರೂರಿದೆ. ಒಂದಿದ್ದಲ್ಲಿ ಇನ್ನೊಂದು ತಾನಾಗಿಯೇ ಇರುತ್ತದೆ ಎಂದು ಓದುಗರೂ ಬರೆಯುವವರೂ ನಂಬಿಕೊಂಡಿದ್ದಾರೆ. ಆದರೆ ಕುಟುಂಬದಲ್ಲಾಗಲಿ ಕಚೇರಿಯಲ್ಲಾಗಲಿ ರಾಜಕೀಯ ಪಕ್ಷದಲ್ಲಾಗಲಿ ಮನುಷ್ಯನನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವ ಸಂದರ್ಭಗಳು ಎದುರಾಗುವುದು ಈ ಎರಡು ಗುಣಗಳು ಕವಲೊಡೆಯುವ ಜಾಗದಲ್ಲಿಯೇ ಆದ್ದರಿಂದ, ಅವುಗಳ ನಡುವಣ ಅಂತರವನ್ನು ಸ್ಪಷ್ಟವಾಗಿ ಗುರುತಿಸಿಕೊಳ್ಳುವುದು ಅಗತ್ಯವಾಗುತ್ತದೆ.

ಒಬ್ಬ ವ್ಯಕ್ತಿಗೆ, ಮನೆತನಕ್ಕೆ, ಸಂಸ್ಥೆಗೆ ಅಥವಾ ಧ್ಯೇಯಕ್ಕೆ ತನ್ನನ್ನು ಒಪ್ಪಿಸಿಕೊಂಡು, ಲಾಭ ತಪ್ಪಿದಾಗಲೂ ಕಷ್ಟ ಬಂದಾಗಲೂ ಅದರ ಪಕ್ಷವನ್ನು ಬಿಡದೆ ನಿಲ್ಲುವ ಗುಣ ನಿಷ್ಠೆ. ಇದ್ದುದನ್ನು ಇದ್ದಂತೆ ಕಾಣುವ, ಕಂಡದ್ದನ್ನು ತಿರುಚದೆ ಹೇಳುವ, ತನ್ನದಲ್ಲದ್ದನ್ನು ತನ್ನದೆನ್ನದ ಗುಣ ಪ್ರಾಮಾಣಿಕತೆ. ನಿಷ್ಠೆಯ ಮಾತು ಬಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಿಷ್ಠೆ ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸಲು ಬರುವುದಿಲ್ಲ. ಪ್ರಾಮಾಣಿಕತೆಗೆ ಇಂತಹ ಒಡೆಯ ಬೇಕಿಲ್ಲ. ಅದರ ನಂಟು ವ್ಯಕ್ತಿಗಿಂತ ಮೊದಲು ವಸ್ತುಸ್ಥಿತಿಯೊಂದಿಗೆ. ಆದುದರಿಂದಲೇ ನಿಷ್ಠೆ ಸ್ವಭಾವತಃ ಪಕ್ಷಪಾತಿ, ಪ್ರಾಮಾಣಿಕತೆ ಸ್ವಭಾವತಃ ನಿಷ್ಪಕ್ಷಪಾತಿ. ತನ್ನ ಮಗು ಮತ್ತು ನೆರೆಮನೆಯ ಮಗು ಒಟ್ಟಿಗೆ ಎಡವಿ ಬಿದ್ದಾಗ ತಾಯಿ ತನ್ನ ಮಗುವಿನ ಕಡೆಗೆ ಮೊದಲು ಓಡುವುದನ್ನು ಯಾರೂ ತಪ್ಪೆನ್ನುವುದಿಲ್ಲ, ಆದರೆ ಕಿಟಕಿಯ ಗಾಜು ಒಡೆದವರು ಯಾರೆಂದು ಕೇಳಿದಾಗ ಆಕೆ ನೆರೆಮನೆಯ ಮಗುವನ್ನು ತೋರಿಸಿದರೆ ಅದನ್ನು ಮಮತೆಯೆಂದು ಒಪ್ಪಿಕೊಳ್ಳುವುದೂ ಇಲ್ಲ.

ಕನ್ನಡ ನಾಡಿನ ಇತಿಹಾಸ ನಿಷ್ಠೆಯ ದಾಖಲೆಗಳಿಂದ ತುಂಬಿದೆ. ಉಂಡ ಅನ್ನದ ಋಣವನ್ನು ಯುದ್ಧದಲ್ಲಿ ಪ್ರಾಣಕೊಟ್ಟು ತೀರಿಸುವ ಕಟ್ಟಳೆಗೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂದೂ, ಒಡೆಯನೊಂದಿಗೆ ಸಾಯುವುದಾಗಿ ಮೊದಲೇ ಮಾತು ಕೊಟ್ಟು ಹಾಗೆಯೇ ನಡೆದುಕೊಳ್ಳುವ ವ್ರತಕ್ಕೆ ‘ವೇಳೆವಾಳಿ’ ಎಂದೂ ಹೆಸರಿತ್ತು. ಇಂತಹ ವ್ರತ ತೊಟ್ಟವರನ್ನು ಲೆಂಕರು, ಗರುಡರು ಎಂದು ಶಾಸನಗಳು ಕರೆಯುತ್ತವೆ. ಹೊಯ್ಸಳ ಇಮ್ಮಡಿ ಬಲ್ಲಾಳನಿಗೆ ಬದ್ಧನಾಗಿದ್ದ ಕುವರಲಕ್ಷ್ಮನೆಂಬ ದಂಡನಾಯಕನು ಪತ್ನಿ ಮತ್ತು ಪರಿವಾರದ ವೀರರೊಂದಿಗೆ ಪ್ರಾಣ ನೀಗಿದ್ದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ಸಾರುತ್ತದೆ; ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಚಿತ್ರಗಳನ್ನು ಅದರ ಮೇಲೆ ಇಂದಿಗೂ ಕಾಣಬಹುದು. ಇದಕ್ಕಿಂತ ಹಿಂದಿನ, 10ನೆಯ ಶತಮಾನದ ಆತಕೂರು ಶಾಸನದಲ್ಲಿ ಗಂಗರಾಜ ಬೂತುಗನ ಸೇವಕ ಮಣಲೇರನು ತಕ್ಕೋಲದ ಕಾಳಗದಲ್ಲಿ ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ ಅರಸನ ಮೆಚ್ಚಿನ ಬೇಟೆನಾಯಿ ಕಾಳಿಯನ್ನು ಬೇಡಿ ಪಡೆದದ್ದೂ, ಆ ನಾಯಿ ಹಂದಿಯೊಡನೆ ಹೋರಾಡಿ ಮಡಿದದ್ದೂ, ಅದರ ನೆನಪಿಗೆ ಕಲ್ಲು ನೆಡಿಸಿ ಭೂಮಿ ಬಿಟ್ಟದ್ದೂ ದಾಖಲಾಗಿವೆ.

ಈ ಶಾಸನಗಳನ್ನು ಒಟ್ಟಿಗೆ ಓದಿದಾಗ ಎರಡು ಸಂಗತಿಗಳು ಹೊಳೆಯುತ್ತವೆ. ಒಡೆಯ ಮಾಡಿದ ಯುದ್ಧ ನ್ಯಾಯವಾದದ್ದೇ, ಅವನ ಆಳ್ವಿಕೆ ಪ್ರಜೆಗಳಿಗೆ ಹಿತವಾಗಿತ್ತೇ ಎಂಬ ಪ್ರಶ್ನೆಯನ್ನು ಅವು ಎತ್ತುವುದಿಲ್ಲ, ಏಕೆಂದರೆ ಜೋಳವಾಳಿಯ ಲೆಕ್ಕದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಅಲ್ಲಿರುವುದು ಉಂಡದ್ದು ಮತ್ತು ತೀರಿಸಿದ್ದು ಮಾತ್ರ. ಎರಡನೆಯದಾಗಿ, ಒಂದು ನಾಯಿಯನ್ನು ನಿಷ್ಠೆಗಾಗಿ ಹೊಗಳಬಹುದಾದರೂ ಪ್ರಾಮಾಣಿಕತೆಗಾಗಿ ಹೊಗಳಲು ಬರುವುದಿಲ್ಲ, ಏಕೆಂದರೆ ಸುಳ್ಳು ಹೇಳುವ ಶಕ್ತಿಯಿದ್ದೂ ಹೇಳದವನಿಗೆ ಮಾತ್ರ ಪ್ರಾಮಾಣಿಕನೆಂಬ ಮಾತು ಸಲ್ಲುತ್ತದೆ. ನಿಷ್ಠೆಯ ಬೇರು ಋಣ ಮತ್ತು ಒಲುಮೆಗಳಲ್ಲಿದ್ದರೆ ಪ್ರಾಮಾಣಿಕತೆಯ ಬೇರು ವಿವೇಚನೆಯಲ್ಲಿದೆ.

ಇವೆರಡರ ಘರ್ಷಣೆಯನ್ನು ಮಹಾಭಾರತದ ದ್ಯೂತಸಭೆಯಷ್ಟು ವಿವರವಾಗಿ ಬಿಡಿಸಿಟ್ಟ ಸಂದರ್ಭ ಬೇರೆಡೆ ಸಿಗುವುದು ಕಷ್ಟ. ಮೊದಲು ತನ್ನನ್ನೇ ತಾನು ಸೋತ ಧರ್ಮರಾಯನಿಗೆ ಹೆಂಡತಿಯನ್ನು ಪಣವೊಡ್ಡುವ ಅಧಿಕಾರವಿತ್ತೇ ಎಂದು ದ್ರೌಪದಿ ಕೇಳಿದಾಗ, ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮನು ಉತ್ತರದಿಂದ ನುಣುಚಿಕೊಳ್ಳುತ್ತಾನೆ. ದುರ್ಯೋಧನನ ತಮ್ಮಂದಿರಲ್ಲೊಬ್ಬನಾದ ವಿಕರ್ಣ ಎದ್ದು ನಿಂತು ಆಕೆ ಸೋತವಳಲ್ಲವೆಂದು ಕಾರಣ ಸಹಿತ ವಾದಿಸುತ್ತಾನೆ; ಅವನನ್ನು ಹುಡುಗಾಟದವನೆಂದು ಗದರಿಸಿ ಕೂರಿಸುವವನು ಕರ್ಣ. ಧೃತರಾಷ್ಟ್ರನ ಮಂತ್ರಿಯಾದ ವಿದುರ ಅಲ್ಲಿಯೂ ಆಮೇಲೂ ಅರಸನಿಗೆ ಹಿತವಾದ, ಆದರೆ ಕಿವಿಗೆ ಕಹಿಯಾದ ಮಾತನ್ನೇ ಆಡುತ್ತ ಹೋಗುತ್ತಾನೆ. ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸು ಯುದ್ಧ ಆರಂಭವಾಗುವ ಹೊತ್ತಿಗೆ ಕೌರವರ ಸೇನೆಯನ್ನು ಬಿಟ್ಟು ಎಲ್ಲರ ಕಣ್ಣೆದುರೇ ಪಾಂಡವರ ಕಡೆಗೆ ನಡೆದುಬಿಡುತ್ತಾನೆ. ಸಭೆಯಲ್ಲಿ ಸತ್ಯ ನುಡಿದ ವಿಕರ್ಣ ಮಾತ್ರ ಅಣ್ಣನ ಪರವಾಗಿಯೇ ಕಾದಾಡಿ ಭೀಮನ ಕೈಯಲ್ಲಿ ಸಾಯುತ್ತಾನೆ.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಕೃತಿಯು ಈ ಪಾತ್ರಗಳನ್ನು ಬೇರೆ ಬೇರೆಯಾಗಿ ಅರಿಯಲು ನೆರವಾಗುತ್ತದೆ. ಒಂದು ಸಂಸ್ಥೆ ಹದಗೆಡುತ್ತಿರುವಾಗ ಅದರೊಳಗಿನವರಿಗೆ ಇರುವ ದಾರಿಗಳು ಎರಡು: ಬಿಟ್ಟುಹೋಗುವುದು ಇಲ್ಲವೇ ಒಳಗಿದ್ದು ದನಿಯೆತ್ತುವುದು, ನಿಷ್ಠೆಯೆಂಬುದು ಬಿಟ್ಟುಹೋಗುವವರ ಕಾಲನ್ನು ಕೆಲಕಾಲ ತಡೆದು ದನಿಯೆತ್ತಲು ಅವಕಾಶ ಮಾಡಿಕೊಡುವ ಶಕ್ತಿ ಎಂಬುದು ಅವರ ವಾದ. ಈ ದೃಷ್ಟಿಯಿಂದ ಯುಯುತ್ಸುವಿನದು ನಿರ್ಗಮನ, ವಿಕರ್ಣ ವಿದುರರದು ದನಿ, ಕರ್ಣನದು ದನಿಯಿಲ್ಲದ ನಿಷ್ಠೆ. ಭೀಷ್ಮನ ಸ್ಥಿತಿ ಇವರೆಲ್ಲರಿಗಿಂತ ಇಕ್ಕಟ್ಟಿನದು. ಯುದ್ಧದ ಮುನ್ನ ಆಶೀರ್ವಾದ ಬೇಡಲು ಬಂದ ಧರ್ಮರಾಯನಿಗೆ, ತಾನು ಕೌರವರ ಅರ್ಥಕ್ಕೆ ಕಟ್ಟುಬಿದ್ದವನೆಂದು ಅವನು ಹೇಳಿಕೊಳ್ಳುವುದು ಜೋಳವಾಳಿಯ ಮಾತೇ ಆಗಿದೆ. ಗೆಲುವು ನಿನ್ನದಾಗಲೆಂದು ಹರಸುವುದೂ, ಮುಂದೆ ತನ್ನನ್ನು ಉರುಳಿಸುವ ಉಪಾಯವನ್ನು ತಾನೇ ತಿಳಿಸುವುದೂ ಸತ್ಯದ ಸೆಳೆತ. ಮೈಯನ್ನು ಒಂದು ಕಡೆಗೂ ಮನಸ್ಸನ್ನು ಇನ್ನೊಂದು ಕಡೆಗೂ ಕೊಟ್ಟ ಭೀಷ್ಮ ಕೊನೆಗೆ ದುರ್ಯೋಧನನಿಗೆ ಪೂರ್ತಿ ನಿಷ್ಠನೂ ಆಗಲಿಲ್ಲ, ಅವನ ತಪ್ಪನ್ನು ತಡೆಯುವಷ್ಟು ಪ್ರಾಮಾಣಿಕನೂ ಆಗಲಿಲ್ಲ.

ಕನ್ನಡದ ಓದುಗರ ಒಲವು ಮಾತ್ರ ಬಹುಕಾಲದಿಂದ ಕರ್ಣನ ಕಡೆಗೇ ಇದೆ, ಮತ್ತು ಅದಕ್ಕೆ ಪಂಪನ ಪಾಲು ದೊಡ್ಡದು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಿತನಾಗಿದ್ದು, ಆ ಅರಸನನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಕಟ್ಟಿದ. ಒಡೆಯನ ಮೇಲಿನ ನಿಷ್ಠೆಯೇ ಸರ್ವಸ್ವವಾಗಿದ್ದರೆ ಅರ್ಜುನನ ಎದುರಾಳಿಯಾದ ಕರ್ಣ ಅವನ ಲೇಖನಿಯಲ್ಲಿ ಕುಗ್ಗಬೇಕಿತ್ತು. ಆದರೆ ಭಾರತದಲ್ಲಿ ಒಬ್ಬರನ್ನು ನೆನೆಯುವುದಾದರೆ ಕರ್ಣನನ್ನು ನೆನೆಯಬೇಕೆಂಬ ಅರ್ಥದ ಮಾತನ್ನು ಕವಿ ಹೇಳಿಯೇ ಹೇಳಿದ. ಕರ್ಣನ ನಿಷ್ಠೆಯನ್ನು ಎತ್ತಿಹಿಡಿದದ್ದು ಕವಿಯ ಪ್ರಾಮಾಣಿಕತೆ ಎಂಬುದು ಇಲ್ಲಿನ ಸ್ವಾರಸ್ಯ. ಹುಟ್ಟಿನ ಗುಟ್ಟು ತಿಳಿದ ಮೇಲೂ, ರಾಜ್ಯದ ಆಸೆ ತೋರಿಸಿದ ಮೇಲೂ ಗೆಳೆಯನನ್ನು ಬಿಡದ ಕರ್ಣ ಹಿರಿಯನೇ ಹೌದು. ಆದರೆ ಅದೇ ಗೆಳೆಯನ ಮುಂದೆ ಒಮ್ಮೆಯಾದರೂ ‘ಇದು ತಪ್ಪು’ ಎಂದು ಹಟ ಹಿಡಿದು ನಿಂತಿದ್ದರೆ, ದುರ್ಯೋಧನನಿಗೆ ಅವನ ಬಿಲ್ಲಿಗಿಂತ ಆ ಮಾತೇ ಹೆಚ್ಚು ಉಪಕಾರ ಮಾಡುತ್ತಿತ್ತು.

ನಿಷ್ಠೆಯೊಳಗೇ ಪ್ರಾಮಾಣಿಕತೆ ನೆಲೆಸಬಹುದೆಂಬುದಕ್ಕೆ 12ನೆಯ ಶತಮಾನದ ಶರಣ ಪರಂಪರೆ ಒಂದು ಸ್ಪಷ್ಟ ನಿದರ್ಶನವನ್ನು ಕೊಡುತ್ತದೆ. ಷಟ್‌ಸ್ಥಲ ಸಿದ್ಧಾಂತದಲ್ಲಿ, ಅಂದರೆ ಭಕ್ತ ಐಕ್ಯನಾಗುವವರೆಗಿನ ಆರು ಮೆಟ್ಟಿಲುಗಳ ವಿವರಣೆಯಲ್ಲಿ, ಎರಡನೆಯದಾದ ಮಾಹೇಶ್ವರ ಸ್ಥಲಕ್ಕೆ ನಿಷ್ಠಾಭಕ್ತಿಯನ್ನು ಹೇಳಲಾಗಿದೆ; ಇಲ್ಲಿ ನಿಷ್ಠೆ ಅರಸನಿಗಾಗಲಿ ಅನ್ನದಾತನಿಗಾಗಲಿ ಸಲ್ಲದೆ, ಒಪ್ಪಿಕೊಂಡ ತತ್ತ್ವಕ್ಕೆ ಸಲ್ಲುತ್ತದೆ. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಕೈಗೊಂಡಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲಿಡದೆ, ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ವಿಚಾರಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸುತ್ತಾಳೆ. ಗಂಡ ತಂದುಹಾಕಿದ್ದನ್ನು ಮರುಮಾತಿಲ್ಲದೆ ಬೇಯಿಸಿ ಬಡಿಸುವುದು ನಿಷ್ಠೆಯೆಂದು ಬಗೆದಿದ್ದ ಕಾಲದಲ್ಲಿ ಲಕ್ಕಮ್ಮ ಹಾಗೆ ಮಾಡಲಿಲ್ಲ. ಮಾರಯ್ಯನ ವ್ರತ ಕೆಡದಂತೆ ನೋಡಿಕೊಳ್ಳುವುದೇ ಮಾರಯ್ಯನಿಗೆ ತೋರುವ ನಿಷ್ಠೆ ಎಂದು ಆಕೆ ತಿಳಿದಿದ್ದಳು. ವ್ಯಕ್ತಿಯ ಈ ಹೊತ್ತಿನ ಇಚ್ಛೆಗೆ ತೋರುವ ನಿಷ್ಠೆ ಬೇರೆ, ಅವನ ಒಟ್ಟು ಒಳಿತಿಗೆ ತೋರುವ ನಿಷ್ಠೆ ಬೇರೆ ಎಂಬ ಮುಖ್ಯವಾದ ವಿವೇಚನೆ ಇಲ್ಲಿದೆ.

ಹಾಗೆಂದು ಪ್ರಾಮಾಣಿಕನಾದವನು ತಿಳಿದದ್ದನ್ನೆಲ್ಲ ಎಲ್ಲರಿಗೂ ಹೇಳಿಬಿಡಬೇಕೆಂದು ಅರ್ಥವಲ್ಲ. ಸುಮ್ಮನಿರುವುದು ಬೇರೆ, ಸುಳ್ಳಾಡುವುದು ಬೇರೆ. ನಿಷ್ಠೆಗೆ ನ್ಯಾಯವಾಗಿ ಸಲ್ಲುವ ಪಾಲು ಮೌನವೇ ಹೊರತು ಸುಳ್ಳಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಈ ಗೆರೆಯನ್ನು ಸೂಕ್ಷ್ಮವಾಗಿ ಎಳೆದಿತ್ತು. ಕಕ್ಷಿದಾರನು ತನ್ನ ವಕೀಲನಿಗೆ ವೃತ್ತಿಯ ಸಂಬಂಧದಲ್ಲಿ ತಿಳಿಸಿದ್ದನ್ನು ವಕೀಲನು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲವೆಂದೂ, ದಾಂಪತ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ಹೊರಗೆಡಹುವಂತೆ ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲವೆಂದೂ ಅದು ವಿಧಿಸಿತ್ತು. ಕಾನೂನುಬಾಹಿರ ಉದ್ದೇಶವೊಂದನ್ನು ಮುಂದುವರಿಸಲು ವಕೀಲನಿಗೆ ಹೇಳಿದ ಮಾತಿಗೆ ಮಾತ್ರ ಈ ರಕ್ಷಣೆ ಇರಲಿಲ್ಲ. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಕಕ್ಷಿದಾರನ ಗುಟ್ಟನ್ನು ಕಾಪಾಡುವ ವಕೀಲ ಪ್ರಾಮಾಣಿಕನಾಗಿಯೇ ಉಳಿಯುತ್ತಾನೆ, ಅವನಿಗಾಗಿ ಸುಳ್ಳು ಸಾಕ್ಷಿಯನ್ನು ಸೃಷ್ಟಿಸುವ ವಕೀಲ ಉಳಿಯುವುದಿಲ್ಲ.

ನಿಷ್ಠೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ವ್ಯಕ್ತಿಗಳ ಮಟ್ಟವನ್ನು ದಾಟಿ ರಾಜ್ಯದ ಮಟ್ಟಕ್ಕೆ ಬಂದಾಗ ಅದರ ಉತ್ತರದ ಮೇಲೆ ಇಡೀ ದೇಶದ ಭವಿಷ್ಯ ನಿಲ್ಲುತ್ತದೆ. ವೈಮರ್ ಗಣರಾಜ್ಯದ ಕಾಲದಲ್ಲಿ ಜರ್ಮನಿಯ ಸೈನಿಕರು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಿದ್ದರು. 1934ರ ಆಗಸ್ಟ್ 2ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡ ದಿನವೇ ಸೈನಿಕರ ಪ್ರಮಾಣದ ಒಕ್ಕಣೆ ಬದಲಾಗಿ, ಹಿಟ್ಲರನ ಹೆಸರೆತ್ತಿ ಅವನಿಗೆ ಬೇಷರತ್ತಾದ ವಿಧೇಯತೆಯನ್ನು ಸಲ್ಲಿಸುವ ಪ್ರತಿಜ್ಞೆ ಜಾರಿಗೆ ಬಂತು. ಮುಂದೆ ಅನೇಕ ಸೇನಾಧಿಕಾರಿಗಳು ಅನ್ಯಾಯದ ಅರಿವಿದ್ದೂ ಕೊಟ್ಟ ಮಾತನ್ನು ಮುಂದಿಟ್ಟು ಸುಮ್ಮನಾದರು. ಭಾರತದ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿರುವ ಪ್ರಮಾಣವಚನಗಳು ಇದಕ್ಕೆ ತದ್ವಿರುದ್ಧ ದಾರಿಯನ್ನು ಹಿಡಿದಿವೆ. ಸಚಿವರು, ಶಾಸಕರು, ನ್ಯಾಯಾಧೀಶರು ಶ್ರದ್ಧೆ ನಿಷ್ಠೆಗಳನ್ನು ಒಪ್ಪಿಸುವುದು ಸಂವಿಧಾನಕ್ಕೆ. ಪ್ರಧಾನಿಗಾಗಲಿ ಮುಖ್ಯಮಂತ್ರಿಗಾಗಲಿ ಪಕ್ಷಕ್ಕಾಗಲಿ ನಿಷ್ಠೆ ಸಲ್ಲಿಸುವ ಒಂದು ಪದವೂ ಅಲ್ಲಿಲ್ಲ. ವ್ಯಕ್ತಿಯ ತಪ್ಪನ್ನು ಎತ್ತಿಹೇಳಿದವನನ್ನು ದ್ರೋಹಿಯೆನ್ನಲು ಆಗದಂತೆ ನಿಷ್ಠೆಯ ವಿಳಾಸವನ್ನೇ ಬದಲಿಸಿದ್ದು ಈ ಏರ್ಪಾಡಿನ ಜಾಣ್ಮೆ.

ಸರ್ಕಾರಿ ಸೇವೆಯ ನಿಯಮಗಳಲ್ಲಿ ಈ ಜಾಣ್ಮೆ ಇನ್ನಷ್ಟು ಕೆಳಗಿಳಿದು ಕಡತದವರೆಗೂ ತಲುಪಿದೆ. 1964ರ ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳ 3ನೆಯ ನಿಯಮ ನೌಕರನಿಂದ ಪೂರ್ಣ ಪ್ರಾಮಾಣಿಕತೆಯನ್ನೂ ಕರ್ತವ್ಯನಿಷ್ಠೆಯನ್ನೂ ಬೇರೆ ಬೇರೆಯಾಗಿ ಅಪೇಕ್ಷಿಸುತ್ತದೆ. ಗಮನಿಸಬೇಕಾದುದೆಂದರೆ ಅಲ್ಲಿ ನಿಷ್ಠೆ ಮೇಲಧಿಕಾರಿಗಲ್ಲ, ಕರ್ತವ್ಯಕ್ಕೆ. ಮೇಲಧಿಕಾರಿ ಸಾಮಾನ್ಯವಾಗಿ ಲಿಖಿತವಾಗಿಯೇ ನಿರ್ದೇಶನ ಕೊಡಬೇಕು, ಅನಿವಾರ್ಯವಾಗಿ ಬಾಯಿಮಾತಿನಲ್ಲಿ ಕೊಟ್ಟರೆ ಒಡನೆಯೇ ಬರೆದು ದೃಢೀಕರಿಸಬೇಕು, ಮೌಖಿಕ ಆದೇಶ ಪಡೆದ ಅಧೀನ ನೌಕರ ಆದಷ್ಟು ಬೇಗ ಲಿಖಿತ ದೃಢೀಕರಣವನ್ನು ಕೇಳಬೇಕು ಎಂದು ಅದೇ ನಿಯಮ ಹೇಳುತ್ತದೆ. ಇದರ ಅರ್ಥವನ್ನು ಕಚೇರಿಯ ಮೇಜಿನ ಮೇಲೆ ಇಟ್ಟು ನೋಡಬಹುದು. ಒಂದು ಜಮೀನಿನ ಮಂಜೂರಾತಿ ನಿಯಮಬದ್ಧವಲ್ಲವೆಂದು ವಿಷಯ ನಿರ್ವಾಹಕ ಟಿಪ್ಪಣಿ ಹಾಳೆಯಲ್ಲಿ ಕಾರಣ ಸಹಿತ ಬರೆದು ಕಡತವನ್ನು ಮೇಲಕ್ಕೆ ಮಂಡಿಸುತ್ತಾನೆ. ಮೇಲಧಿಕಾರಿ ಅದನ್ನು ಒಪ್ಪದೆ ತನ್ನ ಕಾರಣಗಳನ್ನು ಅದೇ ಹಾಳೆಯಲ್ಲಿ ಬರೆದು ಸಹಿ ಹಾಕಿ ಆದೇಶಿಸುತ್ತಾನೆ. ಬಳಿಕ ಆದೇಶದ ಕರಡನ್ನು ಸಿದ್ಧಪಡಿಸುವವನು ಆ ವಿಷಯ ನಿರ್ವಾಹಕನೇ. ಅವನ ಪ್ರಾಮಾಣಿಕತೆ ಟಿಪ್ಪಣಿಯಲ್ಲಿ ಉಳಿಯುತ್ತದೆ, ನಿಷ್ಠೆ ಆದೇಶದ ಪಾಲನೆಯಲ್ಲಿ ವ್ಯಕ್ತವಾಗುತ್ತದೆ, ಹೊಣೆ ಯಾರದೆಂಬುದು ಹಾಳೆಯ ಮೇಲೆಯೇ ನಿಚ್ಚಳವಾಗಿರುತ್ತದೆ. ಮೇಲಿನವರ ಮನಸ್ಸನ್ನು ಮೊದಲೇ ಅರಿತು ಅದಕ್ಕೆ ತಕ್ಕಂತೆ ಟಿಪ್ಪಣಿ ಬರೆಯುವ ರೂಢಿ ಬಂದಲ್ಲಿ ಈ ಏರ್ಪಾಡು ಪೂರ್ತಿ ಕುಸಿಯುತ್ತದೆ. ಆಗ ಕಡತದಲ್ಲಿ ಉಳಿಯುವುದು ಹೌದಪ್ಪನ ಚಾವಡಿಯ ನಡಾವಳಿ.

ಶಾಸನಸಭೆಗಳಲ್ಲಿ ಕಾನೂನು ನಿಷ್ಠೆಯ ಪರವಾಗಿ ಹೆಚ್ಚು ವಾಲಿದೆ. ಪಕ್ಷಾಂತರ ಪಿಡುಗನ್ನು ತಡೆಯಲು 1985ರಲ್ಲಿ 52ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಮೀರಿ, ಅಂದರೆ ಸದನದಲ್ಲಿ ಹೀಗೆ ಮತ ಹಾಕಬೇಕೆಂಬ ಕಟ್ಟುನಿಟ್ಟಿನ ಸೂಚನೆಯನ್ನು ಮೀರಿ ಮತ ಹಾಕಿದ ಸದಸ್ಯನು ಸ್ಥಾನವನ್ನು ಕಳೆದುಕೊಳ್ಳಬಹುದು. ಹಣಕ್ಕೆ ಮಾರಿಕೊಂಡವನನ್ನೂ ಆತ್ಮಸಾಕ್ಷಿಗೆ ಓಗೊಟ್ಟವನನ್ನೂ ಈ ಕಾನೂನು ಬೇರ್ಪಡಿಸಿ ನೋಡಲಾರದು. ಅದು ಅಳೆಯುವುದು ನಿಷ್ಠೆಯನ್ನು, ಪ್ರಾಮಾಣಿಕತೆಯನ್ನಲ್ಲ. ಕರ್ನಾಟಕದಲ್ಲಿ 2019ರಲ್ಲಿ 17 ಶಾಸಕರು ಅನರ್ಹಗೊಂಡಾಗ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು, ಮತ್ತು ಅದೇ ವರ್ಷದ ಡಿಸೆಂಬರಿನ ಉಪಚುನಾವಣೆಯಲ್ಲಿ ಕಣಕ್ಕಿಳಿದವರಲ್ಲಿ ಹೆಚ್ಚಿನವರು ಗೆದ್ದುಬಂದರು. ಕಾನೂನಿನಿಂದ ಕಟ್ಟಿಹಾಕಿದ ನಿಷ್ಠೆ ಎಷ್ಟು ಸಡಿಲವೆಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಪ್ರಾಮಾಣಿಕತೆಗೂ ಒಂದು ಮಿತಿಯಿದೆಯೆಂಬುದನ್ನು ಮರೆಯಬಾರದು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡುವ ವಿಚಾರದಲ್ಲಿ, ಅದನ್ನು ಪರಿಶೀಲಿಸುವ ಮಿಲ್ಲರ್ ಸಮಿತಿಯ ರಚನೆಯ ಸಂದರ್ಭದಲ್ಲಿ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಭಿನ್ನಾಭಿಪ್ರಾಯ ಬಂದು ಹುದ್ದೆಯಿಂದ ಹಿಂದೆ ಸರಿದರು. ಪ್ರತಿಭೆಯ ಆಧಾರದ ಮೇಲೆಯೇ ನೇಮಕವಾಗಬೇಕೆಂಬ ತಮ್ಮ ನಿಲುವನ್ನು ಅವರು ಮುಚ್ಚಿಡಲಿಲ್ಲ, ಹುದ್ದೆಗಾಗಿ ಅದನ್ನು ಬದಲಿಸಿಕೊಳ್ಳಲೂ ಇಲ್ಲ. ರಾಜ್ಯದ ಮೇಲಿನ ನಿಷ್ಠೆಯನ್ನೂ ಬಿಡದೆ ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತದ ಹೊಣೆ ಹೊತ್ತರು. ಆದರೂ ಶತಮಾನದ ಅಂತರದಲ್ಲಿ ನಿಂತು ನೋಡಿದಾಗ, ವಿದ್ಯೆ ಮತ್ತು ಅಧಿಕಾರಗಳಿಂದ ದೂರ ಉಳಿದಿದ್ದ ಬಹುಸಂಖ್ಯಾತರಿಗೆ ಬಾಗಿಲು ತೆರೆದ ಮಹಾರಾಜರ ನಿರ್ಧಾರವೇ ನ್ಯಾಯಕ್ಕೆ ಹತ್ತಿರವಾಗಿತ್ತೆಂದು ಒಪ್ಪಬೇಕಾಗುತ್ತದೆ. ಪ್ರಾಮಾಣಿಕವಾದ ಅಭಿಪ್ರಾಯವೆಲ್ಲ ಸರಿಯಾದ ಅಭಿಪ್ರಾಯವಾಗಿರಬೇಕಿಲ್ಲ. ಆದರೆ ಅದನ್ನು ಬಿಚ್ಚಿಟ್ಟಾಗಲಷ್ಟೇ ಸರಿತಪ್ಪುಗಳ ಚರ್ಚೆ ಸಾಧ್ಯವಾಗುತ್ತದೆ.

ಬಿಚ್ಚಿಟ್ಟವರು ತೆರುವ ಬೆಲೆ ಕೆಲವೊಮ್ಮೆ ಭಾರಿಯದು. ‘ಇದ್ದದ್ದನ್ನು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಸುವರ್ಣ ಚತುಷ್ಪಥ ಯೋಜನೆಯ ಕಾಮಗಾರಿಯಲ್ಲಿ ನಡೆದ ಅಕ್ರಮಗಳನ್ನು ಕುರಿತು ಪ್ರಧಾನಿ ಕಚೇರಿಗೆ ಪತ್ರ ಬರೆದು, ತನ್ನ ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರಿದ್ದರೂ ಪತ್ರ ಇಲಾಖೆಯಿಂದ ಇಲಾಖೆಗೆ ಸುತ್ತಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಹತ್ಯೆಯಾಯಿತು. ಹತ್ಯೆಯ ಉದ್ದೇಶ ದರೋಡೆಯೆಂದು ಸಿಬಿಐ ತನಿಖೆ ಹೇಳಿದರೂ, ಅಕ್ರಮವನ್ನು ತಿಳಿಸುವವರ ಗುರುತನ್ನು ಕಾಪಾಡುವ ವ್ಯವಸ್ಥೆಯೇ ಇರಲಿಲ್ಲವೆಂಬ ಸಂಗತಿ ದೇಶವನ್ನು ಕಲಕಿ, 2004ರಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಅಂತಹ ದೂರುಗಳನ್ನು ಸ್ವೀಕರಿಸುವ ಅಧಿಕಾರ ಕೊಡುವ ನಿರ್ಣಯಕ್ಕೂ, 2014ರಲ್ಲಿ ಸಂಸತ್ತು ಅಂಗೀಕರಿಸಿದ ಮಾಹಿತಿದಾರರ ರಕ್ಷಣಾ ಅಧಿನಿಯಮಕ್ಕೂ ದಾರಿಯಾಯಿತು. ದುಬೆಯವರನ್ನು ಅವರು ದುಡಿಯುತ್ತಿದ್ದ ಸಂಸ್ಥೆಗೆ ನಿಷ್ಠರಲ್ಲವೆಂದು ಹೇಳಲು ಬರುವಂತಿಲ್ಲ. ಕಳಪೆ ರಸ್ತೆಯಿಂದ ಸಂಸ್ಥೆಯ ಹೆಸರು ಕೆಡದಿರಲಿ ಎಂಬ ಕಾಳಜಿಗಿಂತ ದೊಡ್ಡ ಸಂಸ್ಥಾನಿಷ್ಠೆ ಇರಲಾರದು.

ಅಮೆರಿಕದ ತತ್ತ್ವಜ್ಞಾನಿ ಜೊಸಾಯಾ ರಾಯ್ಸ್ 1908ರ ತಮ್ಮ ಕೃತಿಯಲ್ಲಿ ನಿಷ್ಠೆಯನ್ನೇ ಎಲ್ಲ ನೀತಿಯ ಬುಡವೆಂದು ಸಾಧಿಸಲು ಹೊರಟಾಗ, ದರೋಡೆಕೋರರ ಗುಂಪಿನಲ್ಲಿಯೂ ನಿಷ್ಠೆ ಇರುತ್ತದಲ್ಲವೇ ಎಂಬ ಆಕ್ಷೇಪವನ್ನು ಎದುರಿಸಬೇಕಾಯಿತು. ಇತರರು ಪರಸ್ಪರ ನಂಬಿ ಬಾಳುವ ಸಾಧ್ಯತೆಯನ್ನೇ ಹಾಳುಗೆಡಹುವ ನಿಷ್ಠೆ ನಿಷ್ಠೆಯ ತತ್ತ್ವಕ್ಕೇ ದ್ರೋಹವೆಂಬುದು ಅವರ ಉತ್ತರ. ಸತ್ಯ ನುಡಿಯುವುದನ್ನು ಮನುಷ್ಯರ ನಡುವಣ ನಂಬಿಕೆಗೆ ತೋರುವ ನಿಷ್ಠೆಯೆಂದೇ ಅವರು ಪರಿಗಣಿಸಿದರು. ಈ ಸಮನ್ವಯ ಆಕರ್ಷಕವಾದರೂ ನಿತ್ಯದ ಬದುಕಿನಲ್ಲಿ ಎರಡು ಗುಣಗಳನ್ನು ಬೇರೆಯಾಗಿ ಇಟ್ಟುಕೊಳ್ಳುವುದೇ ಕ್ಷೇಮ, ಏಕೆಂದರೆ ಅಧಿಕಾರದಲ್ಲಿರುವವರು ಪ್ರಾಮಾಣಿಕತೆಯ ಹೆಸರಿನಲ್ಲಿ ಬೇಡುವುದು ಹಲವು ಬಾರಿ ನಿಷ್ಠೆಯನ್ನೇ ಆಗಿರುತ್ತದೆ.

ಕೇಂದ್ರ ಸರ್ಕಾರದ ನೌಕರರ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಪ್ರಾಮಾಣಿಕತೆಯ ಬಗ್ಗೆ ಬರೆಯಲು ಪ್ರತ್ಯೇಕ ಅಂಕಣವಿದೆ. ಮೇಲಧಿಕಾರಿಗೆ ತೋರಿದ ನಿಷ್ಠೆಗೆ ಅಂತಹ ಅಂಕಣವಿಲ್ಲ. ನಿಯಮ ಮಾಡಿದವರ ಆಶಯ ಇದರಿಂದಲೇ ಸ್ಪಷ್ಟವಾಗುತ್ತದೆಯಾದರೂ, ಆ ಅಂಕಣವನ್ನು ತುಂಬುವ ಕೈ ಮೇಲಧಿಕಾರಿಯದೇ ಆಗಿರುವುದರಿಂದ, ತನ್ನ ಮಾತಿಗೆ ಎದುರಾಡಿದವನ ಬಗ್ಗೆ ಅಲ್ಲಿ ಏನು ಬರೆಯುತ್ತಾನೆಂಬುದರ ಮೇಲೆ ಎಲ್ಲವೂ ನಿಲ್ಲುತ್ತದೆ. ಸಂಬಳ, ಬಡ್ತಿ, ಪಕ್ಷದ ಟಿಕೆಟು, ವರ್ಗಾವಣೆಯ ಬೆದರಿಕೆ ಇವುಗಳಿಂದ ನಿಷ್ಠೆಯನ್ನಾಗಲಿ ಅದರ ಸೋಗನ್ನಾಗಲಿ ಕೊಳ್ಳಬಹುದು, ಆದರೆ ಪ್ರಾಮಾಣಿಕವಾದ ಅಭಿಪ್ರಾಯವನ್ನು ಕೊಳ್ಳಲಾಗದು. ಅದನ್ನು ಹೇಳಿದವನಿಗೆ ಕೇಡಾಗದಂತೆ ನೋಡಿಕೊಂಡರೆ ಮಾತ್ರ ಅದು ಮುಂದಿನ ಸಲವೂ ಬರುತ್ತದೆ. ವಿದುರನ ಮಾತನ್ನು ಕೇಳಿಸಿಕೊಂಡೂ ಕೈಬಿಟ್ಟ ಧೃತರಾಷ್ಟ್ರನಿಗೆ ನಿಷ್ಠರ ಕೊರತೆ ಇರಲಿಲ್ಲ. ಆದುದರಿಂದ ಒಂದು ಕಚೇರಿಯ, ಪಕ್ಷದ ಅಥವಾ ಮನೆಯ ಆರೋಗ್ಯವನ್ನು ಅಳೆಯಬೇಕಾದರೆ, ಅಲ್ಲಿ ಎಷ್ಟು ಮಂದಿ ನಿಷ್ಠಾವಂತರಿದ್ದಾರೆಂದು ಎಣಿಸುವುದಕ್ಕಿಂತ, ಒಪ್ಪದ ಮಾತನ್ನು ಆಡಿದವರು ಮರುವರ್ಷವೂ ಅಲ್ಲಿ ಗೌರವದಿಂದ ಉಳಿದಿದ್ದಾರೆಯೇ ಎಂದು ವಿಚಾರಿಸುವುದು ಹೆಚ್ಚು ಭರವಸೆಯ ಅಳತೆಗೋಲಾಗುತ್ತದೆ.